‘ಅಪ್ಪ ಬಂದ’ ಎಂಬ ವಾಕ್ಯಕ್ಕೆ ಎಷ್ಟು ಶಾಟ್ ಬೇಕು?

ಮೊದಲು ಎರಡು ತುಣುಕು ಓದಿ. ಎರಡರಲ್ಲೂ ನಡೆಯುವುದು ಒಂದೇ.

ಒಂದು: ‘ಅಪ್ಪ ಬಂದ. ಚಪ್ಪಲಿ ಬಿಟ್ಟ. ಕುರ್ಚಿ ಎಳೆದ. ಕೂತ. ಯಾರೂ ಮಾತಾಡಲಿಲ್ಲ.’

ಇನ್ನೊಂದು: ‘ಮಳೆಯಲ್ಲಿ ನೆಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಯಾರಿದ್ದಾರೆಂದು ಒಮ್ಮೆ ಇಣುಕಿ, ಯಾರೂ ಎದ್ದು ಬಾರದ್ದನ್ನು ಕಂಡು, ಸದ್ದಾಗದಂತೆ ಕುರ್ಚಿ ಎಳೆದುಕೊಂಡು ಕೂತವನು ಅಪ್ಪ.’

ಇವೆರಡನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು ‘ಸಿನಿಮಾ ದೃಶ್ಯ ಮಾಡಿ’ ಎಂದು ನೋಡಿ. ಮೊದಲ ದಿನ ಬಹುತೇಕರು ಎರಡಕ್ಕೂ ಒಂದೇ ದೃಶ್ಯ ಬರೆದು ತರುತ್ತಾರೆ. ಬಾಗಿಲು, ಅಪ್ಪ, ಕುರ್ಚಿ, ಮೌನ. ತಪ್ಪೇನಿಲ್ಲ. ಆದರೆ ಅವರು ಓದಿದ್ದು ಕಥೆಯನ್ನು, ಬರವಣಿಗೆಯನ್ನಲ್ಲ.

ಶೈಲಿ ಅಂದರೆ ಅಲಂಕಾರ ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಉಪಮೆ, ರೂಪಕ, ಸ್ವಲ್ಪ ಸೊಗಸಾದ ಪದಗಳು. ಹಾಗೆ ಕಲಿಸಿದ್ದು ನಾವೇ. ನಿಜವಾಗಿ ಶೈಲಿ ಅಂದರೆ ಬರೆಯುವವರು ಮಾಡಿದ ಆಯ್ಕೆಗಳು. ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಕೊನೆಯವರೆಗೆ ಬಚ್ಚಿಟ್ಟರು, ಎಲ್ಲಿ ನಿಂತರು, ಯಾರ ಪಕ್ಕ ಕೂತು ನೋಡಿದರು. ನಿರ್ದೇಶಕರೂ ಇದೇ ಆಯ್ಕೆಗಳನ್ನು ಮಾಡುತ್ತಾರೆ. ಅವರ ಕೈಯಲ್ಲಿರುವ ಸಾಮಾನು ಮಾತ್ರ ಬೇರೆ: ಶಾಟ್ (ಕ್ಯಾಮೆರಾ ನಿಲ್ಲಿಸದೆ ಒಮ್ಮೆಗೆ ತೆಗೆದ ತುಣುಕು), ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವುದು), ಬೆಳಕು, ಸದ್ದು, ಕ್ಯಾಮೆರಾ ಇಟ್ಟ ಜಾಗ.

ಆದ್ದರಿಂದ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಈ ವಾಕ್ಯದಲ್ಲಿ ಏನಿದೆ’ ಎಂದಲ್ಲ. ‘ಈ ವಾಕ್ಯ ನಿನಗೆ ಏನು ಮಾಡಿತು’ ಎಂದು. ಅವಸರಪಡಿಸಿತಾ? ಕಾಯಿಸಿತಾ? ಉಸಿರು ಹಿಡಿಸಿತಾ? ಆ ಕೆಲಸವನ್ನೇ ಪರದೆಯ ಮೇಲೆ ಯಾವುದು ಮಾಡಬಲ್ಲದು ಎಂದು ಹುಡುಕುವುದು ಆಮೇಲಿನ ಮಾತು.

ಪೂರ್ಣವಿರಾಮ ಎಂಬ ಕತ್ತರಿ

ಮೇಲಿನ ಎರಡನೇ ತುಣುಕನ್ನು ಜೋರಾಗಿ ಓದಿಸಿ. ನೆಂದು, ಬಿಟ್ಟು, ಇಣುಕಿ, ಕಂಡು, ಎಳೆದುಕೊಂಡು. ಒಂದು ಕ್ರಿಯೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಚಾಚುತ್ತದೆ. ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ಕೃದಂತಾವ್ಯಯ ಎಂದು ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಕೆಲಸ ಗೊತ್ತಾದರೆ ಸಾಕು. ಇವು ವಾಕ್ಯವನ್ನು ನಿಲ್ಲಲು ಬಿಡುವುದಿಲ್ಲ. ಓದುವವರಿಗೆ ಎಲ್ಲೂ ಕಣ್ಣು ತೆಗೆಯಲು ಜಾಗವಿಲ್ಲ. ಸಿನಿಮಾದಲ್ಲಿ ಇದಕ್ಕೆ ಹತ್ತಿರದ್ದು ಕಟ್ ಇಲ್ಲದ ಒಂದೇ ಉದ್ದದ ಶಾಟ್. ಕ್ಯಾಮೆರಾ ಬಾಗಿಲಿನಿಂದ ಕುರ್ಚಿಯವರೆಗೆ ಅವನ ಜೊತೆಗೇ ಬರುತ್ತದೆ.

ಇನ್ನೊಂದು ವಿಷಯ ಇದೆ, ಇದನ್ನು ಹುಡುಗರೇ ಕಂಡುಹಿಡಿದರೆ ಚೆನ್ನ. ಆ ವಾಕ್ಯದಲ್ಲಿ ‘ಅಪ್ಪ’ ಎಂಬ ಪದ ಬರುವುದು ಕೊಟ್ಟಕೊನೆಗೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯ ಯಾರೋ ಒಬ್ಬ. ಕಳ್ಳನೂ ಆಗಿರಬಹುದು, ನೆಂಟನೂ ಆಗಿರಬಹುದು. ಹಾಗಾದರೆ ಕ್ಯಾಮೆರಾ ಅವನ ಮುಖವನ್ನು ಮೊದಲೇ ತೋರಿಸಿಬಿಟ್ಟರೆ ವಾಕ್ಯಕ್ಕೆ ಮೋಸವಾಯಿತು, ಅಲ್ವಾ? ಬೆನ್ನು, ಪಾದ, ಕುರ್ಚಿಯ ಮೇಲಿನ ಕೈ ಇಷ್ಟೇ ಕಾಣಬೇಕು. ಕೂತ ಮೇಲೆ ಮುಖ. ಕನ್ನಡದಲ್ಲಿ ಮುಖ್ಯವಾದದ್ದನ್ನು ವಾಕ್ಯದ ತುದಿಗೆ ತಳ್ಳುವುದು ಸುಲಭ, ನಾವು ದಿನವೂ ಮಾಡುತ್ತೇವೆ. ಶಾಟ್‌ನಲ್ಲೂ ಹಾಗೆ ಮಾಡಬಹುದು ಎಂದು ಹೊಳೆದ ಕ್ಷಣದಿಂದ ವಿದ್ಯಾರ್ಥಿಗಳು ಓದುವ ರೀತಿಯೇ ಬದಲಾಗುತ್ತದೆ.

ಇನ್ನು ಮೊದಲ ತುಣುಕು. ಐದು ವಾಕ್ಯ, ಐದು ಪೂರ್ಣವಿರಾಮ. ಹಾಗಾದರೆ ಐದು ಕಟ್? ಬಾಗಿಲು, ಚಪ್ಪಲಿ, ಕುರ್ಚಿ, ಕೂತ ಅಪ್ಪ, ಉಳಿದವರ ಮುಖ. ಟಕಟಕ ಅಂತ ಹೋಗುತ್ತದೆ. ಇದು ಒಂದು ಉತ್ತರ.

ಆದರೆ ಇನ್ನೊಮ್ಮೆ ಓದಿ. ಆ ಪೂರ್ಣವಿರಾಮಗಳು ಅವಸರದವೋ, ಭಾರದವೋ? ‘ಕೂತ.’ ಎಂದು ಒಂದೇ ಪದದಲ್ಲಿ ವಾಕ್ಯ ನಿಂತಾಗ ನನಗಂತೂ ಓಟ ಕೇಳಿಸುವುದಿಲ್ಲ, ಉಸಿರು ಬಿಗಿ ಹಿಡಿದದ್ದು ಕೇಳಿಸುತ್ತದೆ. ಹಾಗೆ ಕೇಳಿಸಿದರೆ ಐದು ಕಟ್ ತಪ್ಪು. ಕ್ಯಾಮೆರಾ ಕೋಣೆಯ ಒಂದು ಮೂಲೆಯಲ್ಲಿ ಅಲುಗಾಡದೆ ಇರಲಿ. ಅಪ್ಪ ಬರಲಿ. ಚಪ್ಪಲಿ ನೆಲಕ್ಕೆ ಬಿದ್ದ ಸದ್ದು. ನಿಶ್ಶಬ್ದ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು. ಮತ್ತೆ ನಿಶ್ಶಬ್ದ. ಇಲ್ಲಿ ಪೂರ್ಣವಿರಾಮದ ಕೆಲಸ ಮಾಡಿದ್ದು ಕಟ್ ಅಲ್ಲ, ಸದ್ದುಗಳ ನಡುವಿನ ಖಾಲಿ.

ಈ ಜಾಗದಲ್ಲಿ ನಾನೇ ಎಡವಿದ್ದೇನೆ. ಮೊದಮೊದಲು ಕಪ್ಪು ಹಲಗೆಯ ಮೇಲೆ ಒಂದು ಪಟ್ಟಿ ಬರೆದಿದ್ದೆ. ಚಿಕ್ಕ ವಾಕ್ಯ ಅಂದರೆ ಬೇಗ ಬೇಗ ಕಟ್, ಉದ್ದ ವಾಕ್ಯ ಅಂದರೆ ಉದ್ದ ಶಾಟ್, ದುಃಖ ಅಂದರೆ ನೀಲಿ ಬೆಳಕು, ಹೀಗೆ. ಹುಡುಗರಿಗೆ ಬಹಳ ಖುಷಿಯಾಯಿತು. ಅಚ್ಚುಕಟ್ಟಾಗಿ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆದರು. ಒಬ್ಬರೂ ಕಥೆಯನ್ನು ಎರಡನೇ ಸಲ ಓದಿರಲಿಲ್ಲ. ಪಟ್ಟಿ ಕೊಟ್ಟ ಮೇಲೆ ಓದುವ ಅಗತ್ಯವಾದರೂ ಏನಿತ್ತು?

ಯಾರ ಕಣ್ಣು, ಯಾರ ದನಿ

‘ನಾನು’ ಎಂದು ಶುರುವಾಗುವ ಕಥೆ ಕೊಟ್ಟರೆ ವಿದ್ಯಾರ್ಥಿಗಳು ಕ್ಯಾಮೆರಾವನ್ನು ಹಣೆಗೆ ಕಟ್ಟಿಕೊಳ್ಳುತ್ತಾರೆ. ‘ನಾನು’ ನೋಡಿದ್ದನ್ನೇ ಕ್ಯಾಮೆರಾ ನೋಡಬೇಕು ಎಂಬ ತರ್ಕ. ಇದು ಬಹಳ ಸಹಜವಾದ ತಪ್ಪು. ಹಾಲಿವುಡ್‌ನಲ್ಲೇ ಇದನ್ನು ಪೂರಾ ಒಂದು ಸಿನಿಮಾದಲ್ಲಿ ಮಾಡಿ ನೋಡಿದ್ದಾರೆ. 1947ರಲ್ಲಿ ಬಂದ ‘ಲೇಡಿ ಇನ್ ದ ಲೇಕ್’ ಒಂದು ಪತ್ತೇದಾರಿ ಕಾದಂಬರಿಯನ್ನು ಆಧರಿಸಿದ್ದು. ನಿರ್ದೇಶಕ ರಾಬರ್ಟ್ ಮಾಂಟ್‌ಗೊಮರಿ ಅವರೇ ನಾಯಕ. ಸಿನಿಮಾದ ಹೆಚ್ಚಿನ ಭಾಗ ನಾಯಕನ ಕಣ್ಣಿನಿಂದಲೇ ಕಾಣುತ್ತದೆ. ಅವನು ನಮಗೆ ಕಾಣಿಸುವುದು ಕನ್ನಡಿಯಲ್ಲಿ, ಅಥವಾ ನಡುವೆ ಎದುರು ಬಂದು ಕಥೆ ಹೇಳುವಾಗ. ಎದುರಿನವರು ನೇರವಾಗಿ ಕ್ಯಾಮೆರಾಕ್ಕೇ ಮಾತಾಡುತ್ತಾರೆ.

ನೋಡುತ್ತಾ ಕೂತರೆ ವಿಚಿತ್ರ ಅನಿಸುತ್ತದೆ. ನಾಯಕನ ಕಣ್ಣೊಳಗೇ ಇದ್ದೇವೆ, ಆದರೂ ಅವನು ದೂರ. ಯಾಕೆ? ಪುಟದ ಮೇಲಿನ ‘ನಾನು’ ಬರೀ ಕಣ್ಣಲ್ಲ. ಅದು ಮನಸ್ಸು. ಅಳುಕು, ನೆನಪು, ಸಣ್ಣ ಸುಳ್ಳು ಎಲ್ಲ ಸೇರಿ ಆ ‘ನಾನು’. ಸಿನಿಮಾದಲ್ಲಿ ಇನ್ನೊಬ್ಬರ ಮನಸ್ಸಿಗೆ ಹೋಗುವ ದಾರಿ ಹೆಚ್ಚಾಗಿ ಅವರ ಮುಖದ ಮೇಲಿಂದಲೇ ಹೋಗುತ್ತದೆ. ಮುಖ ಕಿತ್ತುಕೊಂಡರೆ ದಾರಿ ಬಂದ್.

ಇದಕ್ಕೆ ಜೋಡಿಯಾಗಿ ಕುಲೆಶೋವ್ ಪ್ರಯೋಗ ಹೇಳಿದರೆ ವಿಷಯ ಪೂರ್ತಿಯಾಗುತ್ತದೆ. 1920ರ ಆಸುಪಾಸಿನಲ್ಲಿ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ಶಾಟನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿದರು. ಒಂದು ಬಟ್ಟಲು ಸೂಪ್, ಒಂದು ಶವಪೆಟ್ಟಿಗೆ, ಹೀಗೆ. ನೋಡಿದವರು ಹಸಿವನ್ನು ಕಂಡರು, ದುಃಖವನ್ನು ಕಂಡರು, ನಟನನ್ನು ಹೊಗಳಿದರು. ಮುಖ ಮಾತ್ರ ಬದಲಾಗಿರಲಿಲ್ಲ. ಅಂದರೆ ಭಾವ ಇದ್ದದ್ದು ಎರಡು ಶಾಟ್‌ಗಳ ನಡುವಿನ ಕಟ್‌ನಲ್ಲಿ. ಬರಹದಲ್ಲಿ ‘ಅವನಿಗೆ ಬೇಜಾರಾಯಿತು’ ಎಂದು ಬರೆಯುವ ಬದಲು ಅವನು ಏನನ್ನು ನೋಡಿದ ಎಂದಷ್ಟೇ ಬರೆದು ಸುಮ್ಮನಾಗುವ ಲೇಖಕರಿದ್ದಾರಲ್ಲ, ಅವರು ಮಾಡುವುದೂ ಇದನ್ನೇ.

ತರಗತಿಯಲ್ಲಿ ಇದನ್ನು ಐದು ನಿಮಿಷದಲ್ಲಿ ಮಾಡಬಹುದು. ಒಬ್ಬರ ಸುಮ್ಮನಿರುವ ಮುಖವನ್ನು ಮೊಬೈಲ್‌ನಲ್ಲಿ ತೆಗೆಯಿರಿ. ಜೊತೆಗೆ ಮುಚ್ಚಿದ ಬಾಗಿಲು, ಆಟಿಕೆ, ಹರಿದ ಕಾಗದ. ಜೋಡಿಸಿ ತೋರಿಸಿ. ಪಾಠ ಮಾಡುವ ಕೆಲಸವೇ ಉಳಿಯುವುದಿಲ್ಲ.

ದೃಷ್ಟಿಕೋನದ ಇನ್ನೊಂದು ಗುಟ್ಟು ನಮ್ಮ ಕ್ರಿಯಾಪದದ ತುದಿಯಲ್ಲೇ ಇದೆ. ‘ಅಪ್ಪ ಬಂದ.’ ‘ಅಪ್ಪ ಬಂದರು.’ ವ್ಯತ್ಯಾಸ ಒಂದು ಪ್ರತ್ಯಯದ್ದು. ಆದರೆ ಕಥೆ ಹೇಳುವವರು ಅಪ್ಪನಿಗೆ ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬುದು ಅಲ್ಲೇ ಗೊತ್ತಾಯಿತು. ಸಲಿಗೆಯೋ, ಸಿಟ್ಟೋ, ಭಯವೋ, ಗೌರವವೋ. ಪರದೆಯ ಮೇಲೆ ಪ್ರತ್ಯಯ ಇಲ್ಲ. ಕ್ಯಾಮೆರಾಕ್ಕೆ ಏಕವಚನ ಬಹುವಚನ ಹೇಗೆ ಹೇಳಿಸುವುದು? ಕೆಳಗಿನಿಂದ ತೆಗೆದರೆ ದೊಡ್ಡವರಾಗಿ ಕಾಣುತ್ತಾರೆ ಎನ್ನುವುದು ಸವಕಲು ಉತ್ತರ. ಇದಕ್ಕಿಂತ ಒಳ್ಳೆಯ ಉತ್ತರಗಳು ಬರುತ್ತವೆ, ಸ್ವಲ್ಪ ಕಾಯಬೇಕು. ‘ಬಂದ’ ಆದರೆ ಕ್ಯಾಮೆರಾ ಅಪ್ಪನ ಜೊತೆ ಹೆಗಲಿಗೆ ಹೆಗಲು ನಡೆಯಲಿ. ‘ಬಂದರು’ ಆದರೆ ಕ್ಯಾಮೆರಾ ತನ್ನ ಜಾಗದಲ್ಲೇ ಇರಲಿ, ಅಪ್ಪನೇ ಫ್ರೇಮಿನೊಳಗೆ ಬರಲಿ, ಒಳಗಿದ್ದವರ ಮಾತು ತಟ್ಟನೆ ನಿಲ್ಲಲಿ. ಗೌರವ ಕಾಣುವುದು ಅಪ್ಪನ ಮೇಲಲ್ಲ, ಸುತ್ತಲಿನವರ ಮೇಲೆ.

ಕ್ಯಾಮೆರಾಕ್ಕೆ ಬರದ ವ್ಯಾಕರಣ

‘ಅವನು ದಿನಾ ಸಂಜೆ ಬರುತ್ತಿದ್ದ.’ ಎಷ್ಟು ಸರಳ ವಾಕ್ಯ! ಆದರೆ ಚಿತ್ರೀಕರಿಸಲು ಹೋದರೆ ಕೈಕೊಡುತ್ತದೆ. ಕ್ಯಾಮೆರಾ ತೋರಿಸಬಲ್ಲದ್ದು ಒಂದು ಸಂಜೆ, ಒಂದು ಬರುವಿಕೆ. ‘ದಿನಾ’ ಎಂಬುದನ್ನು ಅದು ತೋರಿಸಲಾರದು. ಮೇಲಾಗಿ ‘ದಿನಾ’ ತೆಗೆದುಬಿಟ್ಟರೆ ‘ಬರುತ್ತಿದ್ದ’ ಎಂಬುದಕ್ಕೆ ಎರಡು ಅರ್ಥ. ರೂಢಿಯಾಗಿ ಬರುತ್ತಿದ್ದ ಎಂದೂ ಆಗಬಹುದು, ಆ ಹೊತ್ತಿನಲ್ಲಿ ದಾರಿಯಲ್ಲಿ ಬರುತ್ತಾ ಇದ್ದ ಎಂದೂ ಆಗಬಹುದು. ಓದುವವರು ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಸಿನಿಮಾ ಅದನ್ನು ಕಟ್ಟಿ ತೋರಿಸಬೇಕು.

ಒಂದು ದಾರಿ ಮರುಕಳಿಕೆ. ಅದೇ ಬಾಗಿಲು, ಅದೇ ಕ್ಯಾಮೆರಾ ಜಾಗ, ಬೇರೆ ಅಂಗಿ, ಬೇರೆ ಬೆಳಕು, ಮೂರು ಸಲ. ಮೂರನೇ ಸಲಕ್ಕೆ ನೋಡುವವರ ತಲೆಯಲ್ಲಿ ‘ದಿನಾ’ ಹುಟ್ಟುತ್ತದೆ. 1941ರ ‘ಸಿಟಿಜನ್ ಕೇನ್’ ಚಿತ್ರದ ಬೆಳಗಿನ ತಿಂಡಿಯ ದೃಶ್ಯಗಳು ಇದಕ್ಕೆ ತುಂಬ ಒಳ್ಳೆಯ ಉದಾಹರಣೆ. ಗಂಡ ಹೆಂಡತಿ, ತಿಂಡಿಯ ಮೇಜು. ದೃಶ್ಯದಿಂದ ದೃಶ್ಯಕ್ಕೆ ಬಟ್ಟೆ ಬದಲು, ಮಾತಿನ ಧಾಟಿ ಬದಲು. ಮೊದಲು ಸರಸ, ಆಮೇಲೆ ಕೊಂಕು, ಕೊನೆಗೆ ಮಾತೇ ಇಲ್ಲ. ಗಂಡ ಪತ್ರಿಕೆಯ ಒಡೆಯ. ಕೊನೆಯಲ್ಲಿ ಹೆಂಡತಿ ಎದುರು ಕೂತು ಓದುತ್ತಿರುವುದು ಎದುರಾಳಿ ಪತ್ರಿಕೆ. ಕೆಲವೇ ನಿಮಿಷಗಳಲ್ಲಿ ಒಂದು ಮದುವೆ ಮುರಿಯುತ್ತದೆ. ಇದನ್ನು ತೋರಿಸಿ ‘ಒಂದು ವಾಕ್ಯದಲ್ಲಿ ಬರೆಯಿರಿ’ ಎಂದರೆ ‘ಬರಬರುತ್ತಾ ಅವರು ಮಾತಾಡುವುದೇ ನಿಂತುಹೋಯಿತು’ ಎಂಬಂಥ ವಾಕ್ಯಗಳು ಬರುತ್ತವೆ. ಆ ‘ಬರಬರುತ್ತಾ’ ಇದೆಯಲ್ಲ, ಅದೇ ಈ ದೃಶ್ಯಗಳ ಸರಣಿ.

ಎರಡನೇ ಕಷ್ಟ ‘ಇಲ್ಲ’. ‘ಅವಳು ಬರಲಿಲ್ಲ.’ ಬರುವುದನ್ನು ತೆಗೆಯಬಹುದು, ಬಾರದಿರುವುದನ್ನು ಹೇಗೆ ತೆಗೆಯುವುದು? ಖಾಲಿ ಬಾಗಿಲು ತೋರಿಸಿದರೆ ಅದು ಬರೀ ಖಾಲಿ ಬಾಗಿಲು. ಕ್ಯಾಮೆರಾದಲ್ಲಿ ‘ಇಲ್ಲ’ ಎಂಬ ಪದವೇ ಇಲ್ಲ. ಇರುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಮೊದಲು ಕಾಯುವಿಕೆಯನ್ನು ಕಟ್ಟಬೇಕು. ಇಬ್ಬರಿಗೆ ಇಟ್ಟ ಲೋಟ. ಪದೇಪದೇ ಕಿಟಕಿಯ ಕಡೆ ಹೋಗುವ ಕಣ್ಣು. ಹೊರಗೆ ಹೆಜ್ಜೆ ಸದ್ದು, ಹತ್ತಿರ ಬಂದು, ದಾಟಿ ಹೋಗುವುದು. ಆಮೇಲೆ ಒಂದು ಲೋಟವನ್ನು ಎತ್ತಿ ಒಳಗಿಡುವ ಕೈ. ಈಗ ‘ಬರಲಿಲ್ಲ’ ಬಂತು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಒಂದು ವಾರ ಪೂರ್ತಿ ಬರೀ ‘ಇಲ್ಲ’ ವಾಕ್ಯಗಳನ್ನೇ ಕೊಡಿ: ‘ಅವನು ಕ್ಷಮೆ ಕೇಳಲಿಲ್ಲ’, ‘ಅವಳಿಗೆ ನಿದ್ದೆ ಬರಲಿಲ್ಲ’, ‘ಅವರು ಅದನ್ನು ಮತ್ತೆ ಮಾತಾಡಲಿಲ್ಲ’. ಕೊನೆಯದು ತುಂಬ ಕಷ್ಟ. ಯಾರಾದರೂ ಬಿಡಿಸಿದರೆ ಅವರ ಮೇಲೆ ಕಣ್ಣಿಡಿ.

ಮೂರನೆಯದು ‘ಅಂತೆ’. ಬಂದಳಂತೆ, ಹೊಡೆದನಂತೆ, ಸತ್ತರಂತೆ. ನಾನು ನೋಡಿಲ್ಲ, ಕೇಳಿದ್ದು, ಜವಾಬ್ದಾರಿ ನನ್ನದಲ್ಲ ಎಂಬುದನ್ನೆಲ್ಲ ಎರಡಕ್ಷರದಲ್ಲಿ ಮುಗಿಸುತ್ತದೆ. ಚಿತ್ರಕ್ಕೆ ಈ ಸೌಲಭ್ಯ ಇಲ್ಲ. ತೋರಿಸಿದರೆ ನಡೆಯಿತು ಎಂದೇ ಅರ್ಥ. ನೋಡಿದ್ದನ್ನು ನಂಬುವುದು ನಮ್ಮ ಅಭ್ಯಾಸ. ಜಪಾನಿನ ಲೇಖಕ ಅಕುತಗಾವ ಅವರ 1922ರ ‘ಇನ್ ಎ ಗ್ರೋವ್’ ಕಥೆಯಲ್ಲಿ ಒಂದು ಸಾವಿನ ಬಗ್ಗೆ ಏಳು ಹೇಳಿಕೆಗಳಿವೆ. ನಡುವೆ ನಿಂತು ಇದು ಸರಿ, ಇದು ಸುಳ್ಳು ಎನ್ನುವ ನಿರೂಪಕ ಇಲ್ಲ. ಅಲ್ಲಿಯದೇ ನಿರ್ದೇಶಕ ಕುರೊಸಾವ 1950ರಲ್ಲಿ ಇದನ್ನು ‘ರಾಶೋಮನ್’ ಸಿನಿಮಾ ಮಾಡಿದಾಗ ಒಬ್ಬೊಬ್ಬರು ಹೇಳಿದ್ದನ್ನೂ ಕಣ್ಣೆದುರು ನಡೆದಂತೆಯೇ ತೋರಿಸಿದರು. ಪ್ರತಿಯೊಂದನ್ನೂ ನಂಬುತ್ತೇವೆ, ಮುಂದಿನದು ಬಂದಾಗ ಹಿಂದಿನದು ಕುಸಿಯುತ್ತದೆ. ಹೇಳಿಕೆ ಕೊಡುವವರು ನಮ್ಮತ್ತಲೇ ಮುಖ ಮಾಡಿ ಕೂತಿರುತ್ತಾರೆ, ವಿಚಾರಣೆ ಮಾಡುವವರು ಕಾಣಿಸುವುದೇ ಇಲ್ಲ. ಆ ಕುರ್ಚಿಯಲ್ಲಿ ಕೂತವರು ನಾವು. ಒಂದು ‘ಅಂತೆ’ಯ ಬದಲಿಗೆ ಇಡೀ ಸಿನಿಮಾದ ಕಟ್ಟಡವೇ ಬೇಕಾಯಿತು.

ಚಂದ್ರನಂಥ ಮುಖದ ಗತಿ

‘ಅವಳ ಮುಖ ಚಂದ್ರನಂತಿತ್ತು’ ಎಂಬುದನ್ನು ಶಾಟ್ ಮಾಡಿ ಎಂದರೆ ಯಾರಾದರೂ ಒಬ್ಬರು ಹುಡುಗಿಯ ಮುಖದಿಂದ ಚಂದ್ರನಿಗೆ ಕಟ್ ಮಾಡಿಯೇ ಮಾಡುತ್ತಾರೆ. ಇಡೀ ತರಗತಿ ನಗುತ್ತದೆ. ಆ ನಗುವನ್ನು ಹಿಡಿದು ಕೇಳಿ: ಓದುವಾಗ ಬಾರದ ನಗು ನೋಡುವಾಗ ಯಾಕೆ ಬಂತು?

ಓದುವಾಗ ಚಂದ್ರ ಒಂದು ಕ್ಷಣ ಹೊಳೆದು ಮಾಯವಾಗುತ್ತಾನೆ. ಅವನ ತಂಪು ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಚಂದ್ರ ಪೂರ್ತಿ ಬರುತ್ತಾನೆ, ಕಲೆ ಗುಂಡಿ ಸಮೇತ. ಹೋಲಿಕೆಗೆ ಬೇಕಾದ ಒಂದು ಗುಣವನ್ನಷ್ಟೇ ಎತ್ತಿಕೊಳ್ಳಲು ಕ್ಯಾಮೆರಾಕ್ಕೆ ಬರುವುದಿಲ್ಲ.

ಹಾಗಂತ ಆಗುವುದೇ ಇಲ್ಲ ಎಂದಲ್ಲ. ಚಾಪ್ಲಿನ್ 1936ರ ‘ಮಾಡರ್ನ್ ಟೈಮ್ಸ್’ ಶುರುವಿನಲ್ಲಿ ಒತ್ತೊತ್ತಾಗಿ ನುಗ್ಗುವ ಕುರಿಮಂದೆಯಿಂದ ಕೆಲಸಕ್ಕೆ ಹೊರಟ ಜನರ ಗುಂಪಿಗೆ ದಾಟುತ್ತಾರೆ. ಅಲ್ಲಿ ಕೆಲಸ ಮಾಡುತ್ತದೆ. ಯಾಕೆಂದರೆ ಎರಡು ಚಿತ್ರಗಳಲ್ಲೂ ಚಲನೆ ಒಂದೇ, ಮತ್ತೆ ಅದು ತಮಾಷೆ ಚಿತ್ರ, ನಕ್ಕರೆ ನಷ್ಟವಿಲ್ಲ. ಮಂದೆಯ ನಡುವೆ ಒಂದು ಕಪ್ಪು ಕುರಿಯೂ ಇದೆ. ಗಂಭೀರ ದೃಶ್ಯದಲ್ಲಿ ಹೋಲಿಕೆಯನ್ನು ಹೊರಗಿನಿಂದ ತರುವ ಬದಲು ಅದೇ ಕೋಣೆಯೊಳಗೆ ಹುಡುಕುವುದು ಒಳ್ಳೆಯದು. ಮುಖದ ಮೇಲೆ ಬಿದ್ದ ಬೆಳಕು, ಹಿಂದೆ ಕತ್ತಲು. ಚಂದ್ರನ ಹೆಸರೆತ್ತದೆ ಚಂದ್ರ ಬಂದ ಹಾಗಾಯಿತು.

ಪದಗಳ ಆಯ್ಕೆ, ವಿಶೇಷಣಗಳು, ಪ್ರಾಸ ಇವೆಲ್ಲ ಬೆಳಕು, ಬಣ್ಣ, ಸದ್ದುಗಳ ಕಡೆ ಹೋಗುತ್ತವೆ. ಇದನ್ನು ಹುಡುಗರು ತಾವಾಗಿಯೇ ಹಿಡಿಯುತ್ತಾರೆ. ನಾನು ಇದರ ಮೇಲೆ ಜಾಸ್ತಿ ಹೊತ್ತು ಕಳೆಯುವುದಿಲ್ಲ.

ಅಂದಹಾಗೆ, ಸಾಹಿತ್ಯದಿಂದ ಸಿನಿಮಾ ಕಲಿತದ್ದು ಹೊಸದೇನಲ್ಲ. 1908ರಲ್ಲಿ ಅಮೆರಿಕದ ನಿರ್ದೇಶಕ ಗ್ರಿಫಿತ್ ಮನೆಯಲ್ಲಿ ಕಾಯುವ ಹೆಂಡತಿಯಿಂದ ದೂರದ ದ್ವೀಪದಲ್ಲಿ ಸಿಕ್ಕಿಬಿದ್ದ ಗಂಡನಿಗೆ ನೇರ ಕಟ್ ಮಾಡಿದರು. ಹೀಗೆ ಹಾರಿದರೆ ಜನಕ್ಕೆ ಅರ್ಥವಾಗುತ್ತದಾ ಎಂದು ಕೇಳಿದ್ದಕ್ಕೆ, ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಹೀಗೇ ಬರೆಯುವುದಿಲ್ಲವೇ ಎಂದರಂತೆ. ಅವರ ಹೆಂಡತಿ ಲಿಂಡಾ ಆರ್ವಿಡ್ಸನ್ ನೆನಪಿಸಿಕೊಂಡ ಮಾತು, ಅದಕ್ಕೇ ಈ ‘ಅಂತೆ’. ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ 1944ರಲ್ಲಿ ಈ ನಂಟಿನ ಬಗ್ಗೆಯೇ ದೊಡ್ಡ ಪ್ರಬಂಧ ಬರೆದರು.

ತರಗತಿಯಲ್ಲಿ

ಒಂದು ಪ್ಯಾರಾ ಸಾಕು. ಇಡೀ ಕಾದಂಬರಿ ಬೇಡ. ಕಾದಂಬರಿ ಕೊಟ್ಟರೆ ಯಾವ ಪಾತ್ರ ಬಿಟ್ಟರು, ಕೊನೆ ಯಾಕೆ ಬದಲಾಯಿಸಿದರು ಎಂಬ ಚರ್ಚೆಗೇ ಹೊತ್ತು ಹೋಗುತ್ತದೆ. ಅದು ಕಥೆಯ ಲೆಕ್ಕ, ಶೈಲಿಯದ್ದಲ್ಲ. ಪ್ಯಾರಾವನ್ನು ಮೊದಲು ಜೋರಾಗಿ ಓದಲಿ. ಎಲ್ಲಿ ಉಸಿರು ತೆಗೆದುಕೊಂಡರು ಎಂದು ಗುರುತು ಹಾಕಲಿ. ವಾಕ್ಯ ಮುಗಿಸುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಲಿ. ಆಮೇಲೆ ಷರತ್ತು: ಮೂರೇ ಶಾಟ್, ಒಂದು ನಿಮಿಷ, ಮಾತಿಲ್ಲ. ಷರತ್ತು ಇಲ್ಲದಿದ್ದರೆ ಎಲ್ಲವನ್ನೂ ತೆಗೆದುಕೊಂಡು ಬರುತ್ತಾರೆ, ಆಯ್ಕೆ ಮಾಡುವುದೇ ಇಲ್ಲ.

ಮಾತು ಕೊಟ್ಟರೆ ಹಿನ್ನೆಲೆ ದನಿ ಬರುತ್ತದೆ. ಹಿನ್ನೆಲೆ ದನಿಯಲ್ಲಿ ಆ ಪ್ಯಾರಾವನ್ನೇ ಓದಿಬಿಡುತ್ತಾರೆ. ಹಿಂದೆ ಸುಮ್ನೆ ಚಿತ್ರ ಓಡುತ್ತಿರುತ್ತದೆ. ನಾನು ಹಿನ್ನೆಲೆ ದನಿಯನ್ನು ಪೂರ್ತಿ ನಿಷೇಧಿಸುವುದಿಲ್ಲ. ದನಿ ಒಂದು ಹೇಳಬೇಕು, ಚಿತ್ರ ಇನ್ನೊಂದು ಹೇಳಬೇಕು ಎನ್ನುತ್ತೇನೆ. ‘ನನಗೇನೂ ಅನಿಸಲಿಲ್ಲ’ ಎನ್ನುವ ದನಿ, ಹಿಂದೆ ನಡುಗುವ ಕೈ. ಆಗ ಪುಟದ ಮೇಲಿನ ನಂಬಲಾಗದ ‘ನಾನು’ ಪರದೆಗೆ ಬಂದ ಹಾಗೆ.

ಅಂಕ ಕೊಡುವಾಗ ಶಾಟ್ ಚೆನ್ನಾಗಿದೆಯೇ ಎಂದು ನೋಡಬೇಡಿ. ಒಳ್ಳೆಯ ಮೊಬೈಲ್ ಇದ್ದವರ ಶಾಟ್ ಚೆನ್ನಾಗಿಯೇ ಇರುತ್ತದೆ. ಪ್ಯಾರಾದ ಯಾವ ಪದ ನೋಡಿ ಈ ಶಾಟ್ ಮಾಡಿದೆ ಎಂದು ಕೇಳಿ. ಬೆರಳಿಟ್ಟು ಆ ಪದ ತೋರಿಸಿದರೆ ಅಂಕ. ಒಂದೇ ಪ್ಯಾರಾಕ್ಕೆ ಇಬ್ಬರು ತದ್ವಿರುದ್ಧ ಶಾಟ್ ತಂದು, ಇಬ್ಬರೂ ಪಠ್ಯದಲ್ಲೇ ಕಾರಣ ತೋರಿಸಿದರೆ ಇಬ್ಬರಿಗೂ ಪೂರ್ತಿ ಅಂಕ ಕೊಡುತ್ತೇನೆ.

ಇಷ್ಟಾದ ಮೇಲೆ ಒಂದು ದಿನ ಅಭ್ಯಾಸವನ್ನು ತಿರುಗಿಸಿ. ಶಾಟ್ ನೀವು ಕೊಡಿ, ವಾಕ್ಯ ಅವರು ಬರೆಯಲಿ. ಖಾಲಿ ಕುರ್ಚಿ, ಪಕ್ಕದಲ್ಲಿ ಒದ್ದೆ ಚಪ್ಪಲಿ, 20 ಸೆಕೆಂಡ್, ಕ್ಯಾಮೆರಾ ಅಲುಗಾಡುವುದಿಲ್ಲ, ಎಲ್ಲೋ ಒಳಗೆ ನಲ್ಲಿ ತೊಟ್ಟಿಕ್ಕುವ ಸದ್ದು. ಕೆಲವರು ‘ಕುರ್ಚಿ ಖಾಲಿ ಇತ್ತು’ ಎಂದು ಬರೆಯುತ್ತಾರೆ. ಕೆಲವರು ‘ಅಪ್ಪ ಬಂದಿದ್ದರು’ ಎಂದು. ಕೆಲವರು ‘ಅಪ್ಪ ಎದ್ದುಹೋದ’ ಎಂದು. ಹಲಗೆಯ ಮೇಲೆ ಎಲ್ಲವನ್ನೂ ಬರೆದು ಶಾಟನ್ನು ಮತ್ತೊಮ್ಮೆ ಓಡಿಸಿ. ‘ಬಂದಿದ್ದರು’ ಎಂದು ಬರೆದವರಿಗೆ ಆ ಬಹುವಚನ ಶಾಟ್‌ನ ಯಾವ ಮೂಲೆಯಲ್ಲಿ ಸಿಕ್ಕಿತು ಎಂದು ಕೇಳಿ, ಉತ್ತರಕ್ಕೆ ಕಾಯಿರಿ.